ಆಕಾಶಕ್ಕೂ ಬೇಲಿಯುಂಟೇ?

"ಆಕಾಶಕ್ಕೂ ಬೇಲಿಯುಂಟೇ, ಸಾರ್?" ಎಂದು ಮಸಿನಗುಡಿಯ ಕಡೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು. ರಜೆಯಲ್ಲಿ ಬಂದಿದ್ದ ಪ್ರವಾಸಿಗರು ಡ್ರೋನ್ ಹಾರಿಸಹೊರಟಾಗ ಕಾವಲುಗಾರರು ತಡೆದುದನ್ನು ಅವನು ಕಂಡಿದ್ದನು. ತಾಯಿತಂದೆಗಳೂ ಅರಿತಿರತಕ್ಕ ವಿಷಯವಾದುದರಿಂದ ಅವನಿಗಿತ್ತ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಬೇಲಿಯುಂಟು. 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸುರು, ಹಳದಿ, ಕೆಂಪು ಎಂಬ ಮೂರು ವಲಯಗಳಾಗಿ ವಿಂಗಡಿಸಿವೆ. ಹಸುರಿನಲ್ಲಿ 400 ಅಡಿಯವರೆಗೆ ಹಾರಿಸಲು ಅನುಮತಿ ಬೇಡ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣಾಧಿಕಾರಿಗಳ ಒಪ್ಪಿಗೆ ಬೇಕು. ಕೆಂಪಿನಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಹಾರಿಸಕೂಡದು. ವೆಲ್ಲಿಂಗ್ಟನ್ನಿನ ಸೈನಿಕ ಅಧಿಕಾರಿಗಳ ಕಾಲೇಜು, ಅರುವಂಕಾಡಿನ ಸಿಡಿಮದ್ದಿನ ಕಾರ್ಖಾನೆ ಇವೆರಡನ್ನೂ ಬಲ್ಲ ನೀಲಗಿರಿಯವರಿಗೆ ಇಂತಹ ಕಟ್ಟುಪಾಡಿನ ಅಗತ್ಯವನ್ನು ವಿವರಿಸಬೇಕಿಲ್ಲ.

ಆದರೆ 400 ಅಡಿಯ ಲೆಕ್ಕದಲ್ಲಿ ಬೆಟ್ಟದವರು ಮೋಸಹೋಗುವುದುಂಟು. ಇದನ್ನು ಅಳೆಯುವುದು ಕೆಳಗಿರುವ ನೆಲದಿಂದ. ಕಣಿವೆಯಂಚಿನಲ್ಲಿ ನಿಂತು ಯಂತ್ರವನ್ನು 100 ಅಡಿ ಏರಿಸಿ ನೇರವಾಗಿ ಮುಂದಕ್ಕೆ ಬಿಟ್ಟರೆ, ಅದು ಒಂದಂಗುಲ ಮೇಲೇರದಿದ್ದರೂ ನೆಲವೇ ಕೆಳಗಿಳಿಯುತ್ತ ಹೋಗುವುದರಿಂದ ಮಿತಿ ಮೀರಿರುತ್ತದೆ! ಗಣಿತದ ತರಗತಿಗೆ ಒಳ್ಳೆಯ ಲೆಕ್ಕವಿದು.

ಮುದುಮಲೆಯ ಹುಲಿಧಾಮದಲ್ಲಿಯಾದರೋ ಇನ್ನೂ ಹಳೆಯ ಕಾನೂನೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಮೃಗವನ್ನು ಅಟ್ಟುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಕೋವಿಯಿಲ್ಲದ ಬೇಟೆಯೇ ಎಂದು ನಗುವವರಿದ್ದಾರೆ. ಆನೆಯು ಜೇನ್ನೊಣದ ಝೇಂಕಾರಕ್ಕೆ ಬೆದರುವ ಪ್ರಾಣಿ. ಡ್ರೋನಿನ ಸದ್ದೂ ಹೆಚ್ಚುಕಡಮೆ ಅಂಥದೇ. ಆಫ್ರಿಕದ ಟಾಂಜಾನಿಯದಲ್ಲಿ ಹೊಲಕ್ಕೆ ನುಗ್ಗಿದ ಆನೆಗಳನ್ನು ಓಡಿಸಲು ಡ್ರೋನನ್ನೇ ಬಳಸಿದ್ದಾರೆ. ಅಲ್ಲಿ ಓಡಿಸುವವರಿಗೆ ಎತ್ತ ಓಡಿಸಬೇಕೆಂಬುದು ತಿಳಿದಿರುತ್ತದೆ. ಇಲ್ಲಿ ಚಿತ್ರಕ್ಕಾಗಿ ಹಾರಿಸಿದವನಿಗೆ ಅದು ತಿಳಿಯದು. ಮರಿಯೊಡನೆ ಬೆದರಿದ ಹಿಂಡು ನಮ್ಮ ಮಕ್ಕಳು ಶಾಲೆಗೆ ನಡೆದು ಬರುವ ದಾರಿಗೇ ಬಂದೀತು. ಪ್ರವಾಸಿಗನು ಸಂಜೆಗೆ ಊಟಿಗೆ ಹೊರಟುಹೋಗಿರುತ್ತಾನೆ.

ಯಂತ್ರವನ್ನೇ ನಾವು ಹಳಿಯುತ್ತಿಲ್ಲ. 2021ರಲ್ಲಿ ಟಿ-23 ಎಂಬ ಹುಲಿಯನ್ನು ಹುಡುಕುವಾಗ ಅರಣ್ಯ ಇಲಾಖೆಯವರೂ ಡ್ರೋನುಗಳನ್ನು ಹಾರಿಸಿದರು. ವಾರಗಟ್ಟಲೆ ಅಲೆದ ಮೇಲೆ ಅಕ್ಟೋಬರ್ 15ರಂದು ಮಸಿನಗುಡಿಯ ಬಳಿ ಅದನ್ನು ಜೀವಸಹಿತ ಹಿಡಿದರು.

ನಮ್ಮ ಪೋಷಕರಲ್ಲಿ ಜೀಪು ಓಡಿಸುವವರೂ ವಸತಿಗೃಹಗಳಲ್ಲಿ ದುಡಿಯುವವರೂ ಅನೇಕರಿದ್ದಾರೆ. ಹಾರಿಸಲು ಒಳ್ಳೆಯ ಜಾಗ ಯಾವುದೆಂದು ಅತಿಥಿಗಳು ಮೊದಲು ಕೇಳುವುದು ಅವರನ್ನೇ. ಪೆಟ್ಟಿಗೆ ತೆರೆಯುವ ಮೊದಲೇ ಇಷ್ಟನ್ನು ಹೇಳಿಬಿಟ್ಟರೆ, ಅತಿಥಿಗೆ ದಂಡ ತಪ್ಪೀತು.