ಪದರ ಹಾಸಿಗೆ: ತೆಂಗಿನ ನಾಡಿನ ಸಣ್ಣ ಉದ್ದಿಮೆದಾರರಿಗೆ ಒಂದು ಅವಕಾಶ

ನಾಗಮಂಗಲ ಹಾಗೂ ಕೆ.ಆರ್. ಪೇಟೆ ತಾಲ್ಲೂಕುಗಳಲ್ಲಿ ತೆಂಗು ಪ್ರಮುಖ ಬೆಳೆ. ಸಾವಿರ ಕಾಯಿಗಳ ಸಿಪ್ಪೆಯಿಂದ ಸುಮಾರು 80 ಕಿಲೋ ನಾರು ದೊರೆಯುತ್ತದೆ. ಈ ನಾರು ಕಚ್ಚಾ ಸರಕಾಗಿಯೇ ಹೊರಗೆ ಹೋಗಿ, ಹಾಸಿಗೆಯ ರೂಪದಲ್ಲಿ ಮರಳಿ ಅಂಗಡಿಗೆ ಬಂದರೆ ನಡುವಿನ ಲಾಭ ಪರರ ಪಾಲಾಗುತ್ತದೆ. ಇನ್ನು ರಬ್ಬರ್ ಬೆಳೆಯುವ ದಕ್ಷಿಣ ಕನ್ನಡದಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಮೂಲಕವೇ ಹಾದುಹೋಗುತ್ತದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳು ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿವೆ. ಕಚ್ಚಾ ಸರಕು, ಸಾರಿಗೆ, ಮಾರುಕಟ್ಟೆ ಮೂರೂ ಸಮೀಪದಲ್ಲಿರುವಾಗ ಪದರ ಹಾಸಿಗೆಯ ಜೋಡಣೆ ಪರಿಶೀಲಿಸಬೇಕಾದ ಉದ್ಯಮ.

ತಯಾರಿಕೆ ಬೇರೆ, ಜೋಡಣೆ ಬೇರೆ

ರಬ್ಬರ್ ಮರದ ಹಾಲನ್ನು ಸಾಂದ್ರೀಕರಿಸಿ ಶೇ. 60ರಷ್ಟು ಒಣ ರಬ್ಬರ್ ಇರುವಂತೆ ಮಾಡಿ, ನೊರೆ ಬರುವಂತೆ ಕಡೆದು, ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ, ಹಬೆಯಲ್ಲಿ ಬೇಯಿಸಿದರೆ ಲ್ಯಾಟೆಕ್ಸ್ ಫೋಮ್ ಸಿದ್ಧವಾಗುತ್ತದೆ. 1929ರ ಸುಮಾರಿಗೆ ಇಂಗ್ಲೆಂಡಿನ ಡನ್‌ಲಪ್ ಸಂಸ್ಥೆಯಲ್ಲಿ ರೂಪುಗೊಂಡ ವಿಧಾನವಿದು. ಸುರುಳಿಗೊಳಿಸಿದ ತೆಂಗಿನ ನಾರಿಗೆ ಲ್ಯಾಟೆಕ್ಸ್ ಸಿಂಪಡಿಸಿ, ಒತ್ತಿ, ಕಾಯಿಸಿದರೆ ರಬ್ಬರೀಕೃತ ನಾರಿನ ಹಾಳೆಯಾಗುತ್ತದೆ. ಇವೆರಡಕ್ಕೂ ಬಾಯ್ಲರ್, ಒತ್ತುಯಂತ್ರ ಮತ್ತು ದೊಡ್ಡ ಬಂಡವಾಳ ಬೇಕು. ಆದರೆ ಸಿದ್ಧ ಹಾಳೆಗಳನ್ನು ತರಿಸಿ, ಅಳತೆಗೆ ಕತ್ತರಿಸಿ, ಹೊದಿಕೆ ತೊಡಿಸುವ ಕೆಲಸಕ್ಕೆ ಸಮತಟ್ಟಾದ ಮೇಜು, ಉದ್ದನೆಯ ಹರಿತ ಚೂರಿ ಮತ್ತು ಹೊಲಿಗೆ ಯಂತ್ರ ಸಾಕು. ಹತ್ತಿ ಹಾಸಿಗೆ ಹೊಲಿಯುವ ಕುಟುಂಬವೂ ಮನೆಯಲ್ಲಿಯೇ ಇದನ್ನು ನಿರ್ವಹಿಸಬಹುದು.

ಜೋಡಣೆಯ ಕ್ರಮ

ಆರು ಇಂಚಿನ ಹಾಸಿಗೆಗೆ ಕೆಳಗೆ ನಾಲ್ಕು ಇಂಚು ರಬ್ಬರೀಕೃತ ನಾರು, ಮೇಲೆ ಎರಡು ಇಂಚು ಲ್ಯಾಟೆಕ್ಸ್ ಇಡುವುದು ಸರಳ ಕ್ರಮ. ನಾರು ಭಾರವನ್ನು ಹೊತ್ತು ಗಾಳಿಯಾಡಲು ಅವಕಾಶ ಕೊಡುತ್ತದೆ. ಲ್ಯಾಟೆಕ್ಸ್ ಮೈಗೆ ಹೊಂದಿಕೊಳ್ಳುತ್ತದೆ. ನಾರಿನ ತುದಿಗಳು ಲ್ಯಾಟೆಕ್ಸನ್ನು ಉಜ್ಜದಂತೆ ಎರಡರ ನಡುವೆ ತೆಳು ಹತ್ತಿ ಬಟ್ಟೆಯನ್ನು ಹಾಸಬೇಕು. ಅಂಟು ಹಾಕದೆ ಜಿಪ್ ಇರುವ ಹೊದಿಕೆಯೊಳಗೆ ಪದರಗಳನ್ನು ಬಿಗಿಯಾಗಿ ಕೂರಿಸಿದರೆ, ಮುಂದೆ ಒಂದು ಪದರ ಕುಸಿದಾಗ ಅದನ್ನಷ್ಟೇ ಬದಲಾಯಿಸಬಹುದು. ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಕದ ಅಂಟನ್ನು ದೂರವಿಟ್ಟರೆ ಬೆಂಕಿಯ ಅಪಾಯವೂ ತಗ್ಗುತ್ತದೆ. ಲ್ಯಾಟೆಕ್ಸ್ ಹಾಳೆಯನ್ನು ಅಂಚು ಹಿಡಿದು ಎಳೆದರೆ ಹರಿಯುತ್ತದೆ; ಅದನ್ನು ಸುರುಳಿ ಸುತ್ತಿ, ಅಡಿಯಿಂದ ಕೈಕೊಟ್ಟು ಎತ್ತಬೇಕು.

ತಕ್ಕಡಿಯ ಪರೀಕ್ಷೆ

ಈ ವ್ಯವಹಾರದಲ್ಲಿ ನಷ್ಟ ಸಂಭವಿಸುವುದು ಖರೀದಿಯ ಹಂತದಲ್ಲಿ. ಲ್ಯಾಟೆಕ್ಸ್ ಎಂದು ಪಾಲಿಯುರೆಥೇನ್ ಫೋಮ್ ಕೊಟ್ಟರೆ ಕಣ್ಣಿಗೆ ತಿಳಿಯದಿರಬಹುದು, ತಕ್ಕಡಿಗೆ ತಿಳಿಯುತ್ತದೆ. 75×36 ಇಂಚಿನ, ಎರಡು ಇಂಚು ದಪ್ಪದ ಹಾಳೆಯ ಗಾತ್ರ ಸುಮಾರು 0.088 ಘನ ಮೀಟರ್. ಘನ ಮೀಟರಿಗೆ 80 ಕಿಲೋ ಸಾಂದ್ರತೆಯ ಲ್ಯಾಟೆಕ್ಸ್ ಆದರೆ ತೂಕ ಸುಮಾರು 7 ಕಿಲೋ. 32 ಸಾಂದ್ರತೆಯ ಪಾಲಿಯುರೆಥೇನ್ ಆದರೆ 3 ಕಿಲೋಗೂ ಕಡಿಮೆ. ಆದುದರಿಂದ ದಪ್ಪದ ಜೊತೆಗೆ ಸಾಂದ್ರತೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ತೂಕವೊಂದೇ ಸಾಲದು. ಸುಣ್ಣದ ಪುಡಿಯಂತಹ ಭರ್ತಿ ವಸ್ತು ಬೆರೆಸಿದ ಲ್ಯಾಟೆಕ್ಸ್ ತೂಗುತ್ತದೆ, ಬಾಳುವುದಿಲ್ಲ. ಕತ್ತರಿಸಿದ ಅಂಚನ್ನು ಉಜ್ಜಿದಾಗ ಪುಡಿ ಉದುರಿದರೆ, ಒತ್ತಿ ಬಿಟ್ಟ ಗುರುತು ಬೇಗ ಮಾಯವಾಗದಿದ್ದರೆ ಸರಕನ್ನು ಶಂಕಿಸಬೇಕು. ದೊಡ್ಡ ಖರೀದಿಗೆ ಪ್ರಯೋಗಾಲಯದ ವರದಿ ಕೇಳುವುದು ಉಚಿತ. ನಾರಿನ ಹಾಳೆಗಳಿಗೆ ಭಾರತೀಯ ಮಾನಕ ಐಎಸ್ 8391 ಇದೆ.

ಗ್ರಾಹಕರಿಗೆ ಹೇಳಬೇಕಾದ್ದು

ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ನಮ್ಮ ಮನೆಗಳ ರೂಢಿ. ಲ್ಯಾಟೆಕ್ಸಿಗೆ ಅದೇ ಶತ್ರು. ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ನೆರಳಿನಲ್ಲಿ ಗಾಳಿಗೆ ಇಟ್ಟರೆ ಸಾಕು. ಮಳಿಗೆಯ ದಾಸ್ತಾನಿಗೂ ಈ ನಿಯಮ ಅನ್ವಯಿಸುತ್ತದೆ. ರಬ್ಬರ್ ಅಲರ್ಜಿ ಇರುವವರಿಗೆ ಮೊದಲೇ ತಿಳಿಸುವುದು ಮಾರಾಟಗಾರರ ಕರ್ತವ್ಯ. ಪ್ರತಿ ಪದರದ ವಸ್ತು, ದಪ್ಪ ಮತ್ತು ಸಾಂದ್ರತೆಯನ್ನು ಹೊದಿಕೆಯೊಳಗಿನ ಚೀಟಿಯಲ್ಲಿ ನಮೂದಿಸಿದರೆ ದೂರುಗಳು ಕಡಿಮೆಯಾಗುತ್ತವೆ.

ದೊಡ್ಡ ಕಂಪನಿಗಳ ಜಾಹೀರಾತಿನೊಡನೆ ತಾಲ್ಲೂಕಿನ ವರ್ತಕರು ಸ್ಪರ್ಧಿಸಲಾರರು. ಆದರೆ ಜಿಪ್ ತೆರೆದು ಒಳಗಿರುವುದನ್ನು ತೋರಿಸಿ, ತೂಗಿ ಕೊಡಬಲ್ಲರು. ಕೆಲವು ವರ್ಷಗಳ ನಂತರ ಒಂದು ಪದರವನ್ನಷ್ಟೇ ಬದಲಿಸಿ ಕೊಡಬಲ್ಲರು. ಹೊಸ ಹಾಸಿಗೆಯ ಖರ್ಚು ಉಳಿದ ಗ್ರಾಹಕರು ಅದೇ ಅಂಗಡಿಗೆ ಮರಳಿ ಬರುತ್ತಾರೆ. ಆಸಕ್ತರು ಮೊದಲು ಎರಡು ಮೂರು ಹಾಸಿಗೆಗಳನ್ನು ಸ್ವಂತ ಬಳಕೆಗೆ ಜೋಡಿಸಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಪರೀಕ್ಷಿಸಿದ ನಂತರವೇ ಮಾರಾಟಕ್ಕೆ ಇಳಿಯುವುದು ಕ್ಷೇಮ.