ಮನೆ ಹೆಸರಿನ ಹಿಂದಿನ ಹಾದಿ

ಸುಳ್ಯ ಪೇಟೆಯಲ್ಲಿ ಬಸ್ಸಿಳಿದವರಿಗೆ ಎತ್ತ ನೋಡಿದರೂ ಕೆ.ವಿ.ಜಿ. ಎಂಬ ಮೂರಕ್ಷರ ಕಾಣುತ್ತದೆ. ಊರಿಗೆ ಕಾಲೇಜುಗಳನ್ನು ತಂದ ಕುರುಂಜಿ ವೆಂಕಟರಮಣ ಗೌಡರ ಹೆಸರು ಅದು. ಮೊದಲಿನ ‘ಕೆ’ ತಂದೆಯ ಹೆಸರಲ್ಲ, ಮನೆಯದು. ಮಂಡೆಕೋಲಿನ ಡಿ.ವಿ. ಸದಾನಂದ ಗೌಡರ ‘ಡಿ’ ದೇವರಗುಂಡ. 1837ರಲ್ಲಿ ಕಂಪೆನಿ ಸರಕಾರದ ವಿರುದ್ಧ ಎದ್ದ ರಾಮಯ್ಯ ಗೌಡರದು ಕೆದಂಬಾಡಿ, ಅದೇ ದಂಗೆಗಾಗಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಅಪ್ಪಯ್ಯ ಗೌಡರದು ಗುಡ್ಡೆಮನೆ. ಪುತ್ತೂರು, ಸುಳ್ಯ, ಕಡಬದ ಕಡೆ ‘ಗೌಡ’ ಎಂದರೆ ಜಾತಿ ಗೊತ್ತಾದೀತು, ಆಳು ಯಾರೆಂದು ಗೊತ್ತಾಗಬೇಕಾದರೆ ಮನೆ ಹೆಸರೇ ಬೇಕು.

ಈ ಮನೆಗಳವರು ಇಲ್ಲಿ ನೆಲೆಸುವ ಮುಂಚೆ ಎಲ್ಲಿದ್ದರು? ಹಿರಿಯರನ್ನು ಕೇಳಿದರೆ, ಐಗೂರು ಸೀಮೆಯಿಂದ ಘಟ್ಟ ಇಳಿದು ಬಂದವರು ಎನ್ನುತ್ತಾರೆ. ಐಗೂರು ಇರುವುದು ಸಕಲೇಶಪುರದ ಹತ್ತಿರ. ಆ ಸೀಮೆಯಿಂದ ಬಿಸಿಲೆ ಘಾಟಿ ಇಳಿದರೆ ಈಗ ಕಡಬ ತಾಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯ ಸಿಗುತ್ತದೆ. ಹಾದಿ ನಂಬುವಂಥದ್ದೇ. ಆದರೆ ಮನೆ ಹೆಸರು ಹಿಡಿದು ಹುಡುಕಿದರೆ ಐಗೂರು ಮುಟ್ಟಲಾಗದು. ಬೇರೆ ಕಡೆ ಹೆಸರು ಜನರೊಡನೆ ಸಾಗುವುದುಂಟು. ಸ್ಕಾಟ್ಲೆಂಡಿನ ಮರ್ರೆ ಮನೆತನ ಮೊರೆ ಎಂಬ ಸೀಮೆಯ ಹೆಸರನ್ನು ಹೊತ್ತುಕೊಂಡೇ ದೇಶ ಸುತ್ತಿತು. ನಮ್ಮಲ್ಲಿ ಹೆಸರು ಮಣ್ಣಿಗೆ ಅಂಟಿಕೊಂಡದ್ದು. ಸಂಸಾರ ಹೊಸ ಜಾಗದಲ್ಲಿ ಗದ್ದೆ ಮಾಡಿ ಕೂತರೆ ಸಾಮಾನ್ಯವಾಗಿ ಆ ಜಾಗದ ಹೆಸರೇ ಮನೆಯದಾಗುತ್ತದೆ. ಹಾಗಾಗಿ ಹುಡುಕಾಟ ಕೊನೆಯ ತರವಾಡಿನ, ಎಂದರೆ ಕುಟುಂಬದ ಮೂಲಮನೆಯ, ಅಂಗಳದಲ್ಲೇ ನಿಂತುಬಿಡುತ್ತದೆ.

ಮುಂದಿನ ಜಾಡು ಸಿಕ್ಕಿದ್ದು ಬೇರೆ ಎರಡು ಕಡೆ. ಒಂದು ಕಡೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿಗಳ ಕುರಿತ ಸಂಪುಟಗಳು. ದಕ್ಷಿಣ ಕನ್ನಡದ ಗೌಡರು ಹೆಚ್ಚಾಗಿ ಆಗಿನ ಉಪ್ಪಿನಂಗಡಿ ತಾಲೂಕಿನಲ್ಲಿದ್ದಾರೆ, ಅವರಲ್ಲಿ ಗ್ರಾಮ ಗೌಡ, ಒತ್ತು ಗೌಡ, ಮೇಲೆ ಮಾಗಣೆ ಗೌಡ, ಅದರ ಮೇಲೆ ಕಟ್ಟೆಮನೆ ಎಂಬ ವ್ಯವಸ್ಥೆಯಿದೆ, ಹದಿನೆಂಟು ಬಳಿಗಳು, ಎಂದರೆ ಗೋತ್ರದಂಥ ಕವಲುಗಳು, ಇವೆ ಎಂದು ಅಲ್ಲಿ ದಾಖಲಾಗಿದೆ. ಬಂಗಾರ, ನಂದರ, ಹೆಮ್ಮನ, ಬಳಸಣ್ಣ ಹೀಗೆ ಹೆಸರುಗಳೂ ಇವೆ. ಒಂದೇ ಬಳಿಯವರೊಳಗೆ ಮದುವೆ ಸಲ್ಲದು. ಮನೆ ಬದಲಾದರೂ ಬಳಿ ಬದಲಾಗದು. ವಲಸೆ ಹುಡುಕುವವರಿಗೆ ಇದಕ್ಕಿಂತ ಗಟ್ಟಿ ದಾರ ಬೇರೆ ಇಲ್ಲ.

ಇನ್ನೊಂದು ಕಡೆ ಮಾತು. ಪೆರಾಜೆಯ ಕೋಡಿ ಮನೆಯಿಂದ ಬಂದ ಭಾಷಾವಿಜ್ಞಾನಿ ಕೋಡಿ ಕುಶಾಲಪ್ಪ ಗೌಡರು ತಮ್ಮ ಮನೆಮಾತಾದ ಅರೆಭಾಷೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಅವರ ‘ಗೌಡ ಕನ್ನಡ’ ಪುಸ್ತಕವನ್ನು 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಪ್ರಕಟಿಸಿತು. ಅರ್ಧಂಬರ್ಧ ಭಾಷೆಯೆಂದು ಹಲವರು ಹಗುರವಾಗಿ ಕಂಡಿದ್ದ ಅರೆಭಾಷೆಗೆ ತನ್ನದೇ ವ್ಯಾಕರಣವಿದೆ, ಅದು ಕನ್ನಡದ್ದೇ ಒಂದು ಕವಲು ಎಂಬುದು ಶಾಸ್ತ್ರೀಯವಾಗಿ ದಾಖಲಾಯಿತು. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ದೊಡ್ಡ ಕೆಲಸ ಅದು. ಸುತ್ತಲೂ ತುಳು, ಮೇಲೆ ಕೊಡವ ಭಾಷೆ, ನಡುವೆ ಈ ಕನ್ನಡ ಉಳಿದಿರಬೇಕಾದರೆ ಅದನ್ನಾಡುವವರು ಕನ್ನಡ ನೆಲದಿಂದ ಒಟ್ಟಾಗಿ ಬಂದಿರಬೇಕು.

ಹಾಗಾದರೆ ಪುತ್ತೂರು ಕಡೆಯ ಗೌಡರು ಮನೆಯಲ್ಲಿ ತುಳು ಆಡುವುದೇಕೆ? ಇಲ್ಲಿ ಬಳಿ ನೆರವಿಗೆ ಬರುತ್ತದೆ. ತುಳು ಮಾತಾಡುವ ಗೌಡರಲ್ಲೂ ಅರೆಭಾಷೆಯ ಗೌಡರಲ್ಲೂ ಬಳಿಗಳು ಅವೇ. ಜನ ಒಂದೇ, ಮಾತು ಮಾತ್ರ ಊರಿನೊಂದಿಗೆ ಬದಲಾಗಿದೆ. ಇನ್ನೂ ಸ್ವಾರಸ್ಯದ್ದು, ‘ಬಂಗಾರ’ಕ್ಕೆ ಹತ್ತಿರದ ‘ಬಂಗೇರ’ ಬಿಲ್ಲವರಲ್ಲೂ ಮೊಗವೀರರಲ್ಲೂ ಇದೆ. ಅವರಿಗೆ ಬಳಿ ತಾಯಿಯಿಂದ ಬರುತ್ತದೆ, ಗೌಡರಿಗೆ ತಂದೆಯಿಂದ. ಘಟ್ಟ ಇಳಿದವರು ತುಳುನಾಡಿನ ಬಳಿಗಳಿಗೆ ಸೇರಿಕೊಂಡರೂ ತಂದೆಯ ಕಡೆಯ ಲೆಕ್ಕ ಬಿಡಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ಇದರಿಂದ ಕೊಡಗಿನ ಗೌಡರು ಯಾವ ಹಾದಿಯಲ್ಲಿ ಬಂದರೆಂಬ ಗಂಟೂ ಬಿಚ್ಚಿಕೊಳ್ಳುತ್ತದೆ. ಮಡಿಕೇರಿ, ಭಾಗಮಂಡಲದ ಕಡೆಯ ಗೌಡರು ಐಗೂರಿನಿಂದ ನೇರ ಅಲ್ಲಿಗೆ ಹೋದವರಾಗಿದ್ದರೆ ಅವರಲ್ಲಿ ತುಳುನಾಡಿನ ಬಳಿ ಇರಲು ಕಾರಣವಿಲ್ಲ. ಇದೆ ಎಂದರೆ ಅವರು ಮೊದಲು ಕೆಳಗಿಳಿದು, ಕೆಲವು ತಲೆಮಾರು ಇಲ್ಲಿ ಬಾಳಿ, ಮತ್ತೆ ಘಟ್ಟ ಹತ್ತಿದವರು. ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಪಾಳುಬಿದ್ದ ಗದ್ದೆಗಳನ್ನು ಮಾಡಿಸಲು ಕೊಡಗಿನ ಹಾಲೇರಿ ಅರಸರು ಕೆಳಗಿನ ಗೌಡರನ್ನು ಕರೆಸಿಕೊಂಡರು ಎಂಬ ಹೇಳಿಕೆಗೂ ಇದು ತಾಳೆಯಾಗುತ್ತದೆ. ಸುಳ್ಯವನ್ನೊಳಗೊಂಡ ಅಮರ ಸುಳ್ಯ ಸೀಮೆ ಆಗ ಆ ಅರಸರದ್ದೇ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ಪೆರಾಜೆ, ಸಂಪಾಜೆ ಕೊಡಗಿನಲ್ಲೇ ಉಳಿದವು. ನೆಂಟರ ನಡುವೆ ಗಡಿ ಬಿತ್ತು. ಮೂರೇ ವರ್ಷದಲ್ಲಿ ಎದ್ದ ದಂಗೆಯಲ್ಲಿ ಕೊಡಗಿನ ಗುಡ್ಡೆಮನೆಯವರೂ ಸುಳ್ಯದ ಕೆದಂಬಾಡಿಯವರೂ ಒಂದೇ ಕಡೆ ನಿಂತದ್ದನ್ನು ಈ ನೆಂಟಸ್ತಿಕೆ ಬಿಟ್ಟು ಅರ್ಥಮಾಡಿಕೊಳ್ಳಲಾಗದು.

2011ರಲ್ಲಿ ಅರೆಭಾಷೆಗೆ ಸರಕಾರದ ಅಕಾಡೆಮಿ ಬಂತು. ಕುಟುಂಬಗಳೂ ತಮ್ಮ ತಮ್ಮ ಚರಿತ್ರೆ ಅಚ್ಚು ಹಾಕಿಸತೊಡಗಿವೆ. ಅವುಗಳಲ್ಲಿ ಹೆಚ್ಚಿನವು ಗಂಡಸರ ವಂಶಾವಳಿ. ಮದುವೆಯಾಗಿ ಬಂದ ಹೆಂಗಸರ ತವರು ಮನೆ, ಅವರ ಬಳಿ ಬಿಟ್ಟುಹೋದರೆ ಯಾವ ಊರಿಗೂ ಯಾವ ಊರಿಗೂ ನಂಟಿತ್ತು ಎಂಬ ಅರ್ಧ ಚರಿತ್ರೆಯೇ ಹೋದಂತೆ. ತರವಾಡಿನ ಹರಿಸೇವೆಗೆ ಈ ಸಲ ಹೋಗುವವರಲ್ಲಿ ನನ್ನದೊಂದು ವಿನಂತಿ. ಎಂಬತ್ತು ದಾಟಿದ ಅಜ್ಜಿಯಂದಿರ ಬದಿಯಲ್ಲಿ ಕೂತು ಅವರ ಅಮ್ಮ ಯಾವ ಮನೆಯಿಂದ ಬಂದವರು, ಯಾವ ಬಳಿ ಎಂದು ಕೇಳಿ, ಕೇಳಿದ್ದನ್ನು ಬರೆದಿಡಿ.