ಕಿವಿಗೊಡಿ, ಈ ಚೆಲ್ಲೊ ಯಾರದು?

ಕೈಯಲ್ಲಿರುವ ಕೆಲಸ ಬಿಡಿ. ಒಂದು ಮುದ್ರಿಕೆ ಇದೆ, ಕೇಳಲೇಬೇಕು!

ಚೆಲ್ಲೊ ಒಂಟಿಯಾಗಿ ಶುರುವಾಗುತ್ತದೆ. ಇಡೀ ಆರ್ಕೆಸ್ಟ್ರಾ ಬಾಯಿ ಮುಚ್ಚಿ ಕೂತಿದೆ. ಕಮಾನು ಒಂದೇ ಎಳೆತಕ್ಕೆ ಹಲವು ತಂತಿಗಳನ್ನು ಎಬ್ಬಿಸುತ್ತದೆ. ಮತ್ತೆ ಎಬ್ಬಿಸುತ್ತದೆ! ಎದೆಗೂಡು ಅದುರುತ್ತದೆ. ಎಂಥ ಸಂಕಟ! ಎಂಥ ಗಾಂಭೀರ್ಯ!

ಈಗ ಹೇಳಿ, ನುಡಿಸಿದವರ ವಯಸ್ಸೆಷ್ಟಿರಬಹುದು? ಅರವತ್ತು? ಎಪ್ಪತ್ತು? ಬಾಳಿನಲ್ಲಿ ಎಲ್ಲವನ್ನೂ ಕಂಡುಂಡ ಹಿರಿಯರು?

20! ಬರೀ 20!

ಹೆಸರು ಜಾಕ್ವೆಲಿನ್ ಡು ಪ್ರೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಹುಡುಗಿ. 1965ರ ಆಗಸ್ಟ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಎಲ್ಗರ್ ಅವರ ಚೆಲ್ಲೊ ಕನ್ಸರ್ಟೊ ನುಡಿಸಿದಳು. ಎಲ್ಗರ್ ಅದನ್ನು ಬರೆದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, ಅರವತ್ತು ದಾಟಿದಾಗ. ಆ ಇಳಿವಯಸ್ಸಿನ ನೋವು ಈ ಹುಡುಗಿಯ ಬೆರಳಿಗೆ ಹೇಗೆ ದಕ್ಕಿತು? ಕೇಳಿದಷ್ಟು ಸಲವೂ ಬೆರಗಾಗುತ್ತೇನೆ!

ಆ ನಾದವನ್ನೇ ಸ್ವಲ್ಪ ಹತ್ತಿರದಿಂದ ಕೇಳಿ. ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವುದಿಲ್ಲ, ಜಾರುತ್ತಾಳೆ. ನಮ್ಮ ಪಿಟೀಲಿನ ಜಾರಿಗೆ ಪಳಗಿದ ಕಿವಿಗೆ ಇದರ ರುಚಿ ಥಟ್ಟನೆ ಹತ್ತುತ್ತದೆ.

ಮೊದಲ ಭಾಗದಲ್ಲಿ ವಯೋಲಾಗಳು ಮೆಲ್ಲಗೆ ಒಂದು ಧಾಟಿ ಎತ್ತುತ್ತವೆ. ಚೆಲ್ಲೊ ಅದನ್ನು ಇಸಿದುಕೊಳ್ಳುತ್ತದೆ. ಆಮೇಲೆ ಬರುತ್ತದೆ ಆ ಏರಿಕೆ! ಮೇಲೆ, ಇನ್ನೂ ಮೇಲೆ, ತಾರಸ್ಥಾಯಿಯ ತುದಿಗೆ! ಅಷ್ಟು ಎತ್ತರದಲ್ಲಿ ನಾದ ಸೊರಗಬೇಕು ತಾನೇ? ಎಲ್ಲಿಯ ಮಾತು! ಅಲ್ಲೇ ಅದು ಇನ್ನಷ್ಟು ತುಂಬಿಕೊಳ್ಳುತ್ತದೆ. ಕಮಾನು ತಂತಿಯನ್ನು ಕಚ್ಚಿ ಹಿಡಿದದ್ದು ಕಿವಿಗೇ ಗೊತ್ತಾಗುತ್ತದೆ.

ಅವತ್ತು ಆರ್ಕೆಸ್ಟ್ರಾ ನಡೆಸಿದವರು ಜಾನ್ ಬಾರ್ಬಿರೊಲ್ಲಿ. ಅದರಲ್ಲೇನು ವಿಶೇಷ ಅಂದಿರಾ? ತಾಳಿ!

ಇದೇ ಕೃತಿಯ ಮೊದಲ ಕಛೇರಿ 1919ರ ಅಕ್ಟೋಬರಿನಲ್ಲಿ ನಡೆಯಿತು. ತಾಲೀಮು ಸಾಲದೆ ನೆಲಕಚ್ಚಿತು. ಅವತ್ತು ಚೆಲ್ಲೊ ಸಾಲಿನಲ್ಲಿ ಒಬ್ಬ ಹತ್ತೊಂಬತ್ತರ ಹುಡುಗ ಕೂತು ನುಡಿಸುತ್ತಿದ್ದ. ಯಾರು ಹೇಳಿ? ಹೌದು, ಬಾರ್ಬಿರೊಲ್ಲಿ!

ಇನ್ನು ವೇದಿಕೆ. 1961, ಲಂಡನ್ನಿನ ವಿಗ್ಮೋರ್ ಹಾಲ್, ಜಾಕ್ವೆಲಿನ್‌ಳ ದೊಡ್ಡ ರಂಗಪ್ರವೇಶ. ವಯಸ್ಸು 16. ನುಡಿಸಲು ಶುರುಮಾಡಿ ಇನ್ನೂ ಕೆಲವೇ ನಿಮಿಷ, ತಂತಿ ಕೈಕೊಟ್ಟಿತು! ನೀವಾಗಿದ್ದರೆ? ಅವಳು ನಿಲ್ಲಿಸಿದಳು. ಎದ್ದು ಹೋದಳು. ಬೇರೆ ತಂತಿ ಹಾಕಿಕೊಂಡು ಬಂದಳು. ಮೊದಲಿನಿಂದ ನುಡಿಸಿ ಸಭೆಯನ್ನು ಗೆದ್ದಳು!

ಕ್ರಿಸ್ಟೊಫರ್ ನೂಪೆನ್ 1967ರಲ್ಲಿ ತೆಗೆದ ಚಿತ್ರ ಸಿಕ್ಕರೆ ದಯವಿಟ್ಟು ನೋಡಿ. ಹೊಂಗೂದಲು ಹಾರುತ್ತದೆ, ಭುಜ ತೂಗುತ್ತದೆ, ಇಡೀ ಮೈ ಕಮಾನಿನ ಜೊತೆ ಹೋಗುತ್ತದೆ. ಇಷ್ಟು ಚಲನೆ ತೋರಿಕೆಯದು ಎಂದು ಮೂಗು ಮುರಿದವರಿದ್ದರು. ನಾನು ಒಪ್ಪುವುದಿಲ್ಲ. ನಾದ ಹುಟ್ಟುತ್ತಿದ್ದದ್ದೇ ಆ ಮೈಯಲ್ಲಿ!

ಇಂಥವಳು ವೇದಿಕೆಯ ಮೇಲೆ ಎಷ್ಟು ವರ್ಷ ಇದ್ದಿರಬಹುದು? ನಲವತ್ತು? ಐವತ್ತು?

ರಂಗಪ್ರವೇಶದಿಂದ ಎಣಿಸಿದರೆ ಸುಮಾರು 12! ಬೆರಳುಗಳ ಸ್ಪರ್ಶ ಮಾಯವಾಗತೊಡಗಿತು. 1973ರಲ್ಲಿ ವೈದ್ಯರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಆಗ ಅವಳಿಗೆ 28. ತೀರಿಕೊಂಡದ್ದು 1987ರಲ್ಲಿ, 42ಕ್ಕೆ.

ಆದರೆ ಆ ಮುದ್ರಿಕೆ ಇವತ್ತಿಗೂ ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಭಾಗಕ್ಕೇ ನಿಲ್ಲಿಸಬೇಡಿ, ಎರಡನೆಯದು ಬರಲಿ. ಈಗಷ್ಟೇ ಅಳಿಸಿದ ಅದೇ ಕೈ ಅಲ್ಲಿ ಎಂಥ ತುಂಟಾಟ ಆಡುತ್ತದೆ, ಕೇಳಿ!